ದುಃಖದ ದಿನಗಳಲ್ಲಿ ಹಾಡು ತಕ್ಕದ್ದೇ?



ಕೆಲವು ವರ್ಷಗಳ ಹಿಂದೆ ಆಗಮನ ಕಾಲದ ಮೊದಲ ವಾರದಲ್ಲಿ ನಮ್ಮ ಗಾನವೃಂದದ ಹುಡುಗಿಯೊಬ್ಬಳು ತನ್ನ ಅಜ್ಜಿಯೊಂದಿಗೆ ಗುರುಮನೆಗೆ ಬಂದಳು. ಅಕ್ಟೋಬರ್ ತಿಂಗಳಲ್ಲಿ ಅವಳ ತಂದೆ ತೀರಿಕೊಂಡಿದ್ದರು. ನಲವತ್ತನೆಯ ದಿನದ ಪೂಜೆ ಮುಗಿದು ಇನ್ನೂ ವಾರವಾಗಿರಲಿಲ್ಲ. “ಫಾದರ್, ಈ ಸಲ ನಾನು ಕ್ರಿಸ್ಮಸ್ ಹಾಡಿಗೆ ಬರಬಹುದಾ?” ಎಂದು ಅವಳು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಹೇಳಿದರು: “ಗುಂಡಿ ಮುಚ್ಚಿದ ಮಣ್ಣು ಇನ್ನೂ ಆರಿಲ್ಲ ಸ್ವಾಮಿ. ಇಷ್ಟು ಬೇಗ ಹಾಡು ಅಂದರೆ ಊರವರು ಏನಂದಾರು? ನನ್ನ ಮಗನಿಗೆ ನಾವು ಕೊಡುವ ಮರ್ಯಾದೆ ಇಷ್ಟೇನಾ?”

ನಾನು ತಕ್ಷಣ ಉತ್ತರ ಕೊಟ್ಟುಬಿಟ್ಟೆ. “ಯೇಸುಸ್ವಾಮಿಯ ಜನನ ಎಲ್ಲರಿಗೂ ಸಂತೋಷದ ಸುದ್ದಿ ಅಲ್ಲವೇ ಅಜ್ಜಿ? ಹಾಡಲಿ ಬಿಡಿ” ಎಂದೆ. ಅಜ್ಜಿ ಮರುಮಾತನಾಡದೆ ಎದ್ದು ಹೋದರು. ಅವರು ಒಪ್ಪಿ ಹೋಗಲಿಲ್ಲ ಎಂಬುದು ನನಗೆ ಗೊತ್ತಾಯಿತು. ಗುರುಮಠದಲ್ಲಿ ವರ್ಷಗಟ್ಟಲೆ ತತ್ವಶಾಸ್ತ್ರ, ದೈವಶಾಸ್ತ್ರ ಓದಿದವನು ಒಬ್ಬ ತಾಯಿಯ ಸಂಕಟಕ್ಕೆ ಎರಡು ಸಾಲಿನ ಉತ್ತರ ಕೊಟ್ಟು ಕಳುಹಿಸಿದ್ದೆನಲ್ಲ ಎಂದು ಆ ರಾತ್ರಿ ಮನಸ್ಸು ಚುಚ್ಚಿತು.

ಅಜ್ಜಿಯ ಪ್ರಶ್ನೆ ಚಿಕ್ಕದಲ್ಲ. ನೆರೆಮನೆಯಲ್ಲಿ ಸಾವಾದರೆ ನಾವು ರೇಡಿಯೊ, ಟಿ.ವಿ. ಆರಿಸುತ್ತೇವೆ. ಮಗಳ ಮದುವೆಯನ್ನು ಮುಂದಕ್ಕೆ ಹಾಕುತ್ತೇವೆ. ಬರಗಾಲದ ವರ್ಷ ಧರ್ಮಕೇಂದ್ರದ ಹಬ್ಬಕ್ಕೆ ಬ್ಯಾಂಡು ಬೇಕೇ ಎಂದು ಸಭೆಯಲ್ಲಿ ವಾದವಾಗುತ್ತದೆ. ಒಬ್ಬರು ಅಳುವಾಗ ಇನ್ನೊಬ್ಬರು ಹಾಡುವುದು ಸರಿಯೇ? ಪಾಪವಲ್ಲದಿದ್ದರೂ ಅದು ಕಲ್ಲುಮನಸ್ಸಲ್ಲವೇ? ಇದನ್ನು ನಿಧಾನವಾಗಿ ಯೋಚಿಸಲು ನನಗೆ ನೆರವಾದದ್ದು ಎಂಬತ್ತು ವರ್ಷಗಳಿಗೂ ಹಿಂದೆ, ಎರಡನೆಯ ಮಹಾಯುದ್ಧದ ನಡುವೆ, ಇಂಗ್ಲೆಂಡಿನಲ್ಲಿ ಊರೂರು ತಿರುಗಿ ಹಾಡಿದ ಒಂದು ಆಪೆರಾ ಕಂಪನಿಯ ಕಥೆ. ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ಒಂದು ರಂಗಮಂದಿರದ ಕಥೆ

ಆಪೆರಾ ಎಂದರೆ ಸಂಗೀತ ನಾಟಕ. ನಮ್ಮ ಹಿರಿಯರು ನೋಡಿದ ಗುಬ್ಬಿ ಕಂಪನಿಯಂಥ ನಾಟಕಗಳಲ್ಲಿ ಮಾತಿನ ನಡುವೆ ಹಾಡು ಬರುತ್ತಿತ್ತು. ಆಪೆರಾದಲ್ಲಾದರೋ ಬಹುಮಟ್ಟಿಗೆ ಮಾತೂ ಹಾಡೇ. ಯುರೋಪಿನಲ್ಲಿ ಇದು ಬಹುಕಾಲ ಉಳ್ಳವರ ಮನರಂಜನೆ ಎನಿಸಿಕೊಂಡಿತ್ತು. ಲಂಡನ್ನಿನಲ್ಲಿ ಅದನ್ನು ಕೂಲಿಕಾರರಿಗೂ ಗುಮಾಸ್ತರಿಗೂ ತಲುಪಿಸಬೇಕೆಂದು ಪಣತೊಟ್ಟವರು ಲಿಲಿಯನ್ ಬೇಲಿಸ್ ಎಂಬ ಮಹಿಳೆ. ಅವರು ಆಂಗ್ಲಿಕನ್ ಸಭೆಯ ಭಕ್ತೆ. ತಾಯಿಯ ಸೋದರಿ ಎಮ್ಮಾ ಕಾನ್ಸ್ ನಡೆಸುತ್ತಿದ್ದ ‘ಓಲ್ಡ್ ವಿಕ್’ ರಂಗಮಂದಿರದ ಹೊಣೆಯನ್ನು 1912ರಲ್ಲಿ ವಹಿಸಿಕೊಂಡು, ಕಡಿಮೆ ದರದ ಟಿಕೆಟ್ಟಿನಲ್ಲಿ ಒಳ್ಳೆಯ ನಾಟಕವನ್ನೂ ಸಂಗೀತವನ್ನೂ ಬಡವರಿಗೆ ಒದಗಿಸಿದರು. ಆಪೆರಾವನ್ನು ಜನರಿಗೆ ಅರ್ಥವಾಗುವ ಇಂಗ್ಲಿಷಿನಲ್ಲಿಯೇ ಹಾಡಿಸಿದರು. 1931ರ ಜನವರಿಯಲ್ಲಿ ಲಂಡನ್ನಿನ ಇಸ್ಲಿಂಗ್ಟನ್ ಭಾಗದಲ್ಲಿ ‘ಸ್ಯಾಡ್ಲರ್ಸ್ ವೆಲ್ಸ್’ ಎಂಬ ಎರಡನೆಯ ರಂಗಮಂದಿರವನ್ನು ತೆರೆದರು. 1937ರಲ್ಲಿ ಅವರು ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ.

1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧ ಸಾರಿತು. ಅಂದೇ ಸರ್ಕಾರ ಎಲ್ಲ ರಂಗಮಂದಿರಗಳನ್ನೂ ಸಿನಿಮಾ ಮಂದಿರಗಳನ್ನೂ ಮುಚ್ಚಿಸಿತು. ಕೆಲವೇ ವಾರಗಳಲ್ಲಿ ಮತ್ತೆ ತೆರೆಯಲು ಅನುಮತಿ ಕೊಟ್ಟಿತು. ಕತ್ತಲಲ್ಲಿ ಭಯದೊಂದಿಗೆ ಒಬ್ಬೊಬ್ಬರೇ ಕುಳಿತ ಜನರ ಎದೆಗುಂದುತ್ತದೆ ಎಂಬುದು ಆಳುವವರಿಗೂ ಅರ್ಥವಾಗಿರಬೇಕು. 1940ರ ಸೆಪ್ಟೆಂಬರ್ 7ರಿಂದ ಲಂಡನ್ನಿನ ಮೇಲೆ ಒಂದೇ ಸಮನೆ 57 ರಾತ್ರಿ ಬಾಂಬು ಸುರಿಯಿತು. 1941ರ ಮೇ ತಿಂಗಳವರೆಗೆ ಬ್ರಿಟನ್ನಿನ ಊರುಗಳಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ನಾಗರಿಕರು ಸತ್ತರು. ಮನೆ ಕಳೆದುಕೊಂಡವರಿಗಂತೂ ಲೆಕ್ಕವಿರಲಿಲ್ಲ.

ಆಗ ಸ್ಯಾಡ್ಲರ್ಸ್ ವೆಲ್ಸ್ ಮಂದಿರವನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಬಾಂಬು ಬಿದ್ದು ಬೀದಿಪಾಲಾದ ಕುಟುಂಬಗಳಿಗೆ ಅದು ಆಸರೆಯಾಯಿತು. ಹಾಡುಗಾರರ ಮನೆ ಮನೆಯಿಲ್ಲದವರ ಮನೆಯಾಯಿತು.

ಮುಂದೇನು? ಕಂಪನಿಯನ್ನು ಮುಚ್ಚಿ ಎಲ್ಲರೂ ಅವರವರ ದಾರಿ ಹಿಡಿಯಬಹುದಿತ್ತು. ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಆಗ ನಿರ್ದೇಶಕರಾಗಿದ್ದ ಟೈರನ್ ಗಥ್ರಿಯವರು ಸುಮಾರು 20 ಮಂದಿಯ ಪುಟ್ಟ ತಂಡ ಕಟ್ಟಿ ಊರೂರಿಗೆ ಹೋಗೋಣವೆಂದು ನಿರ್ಧರಿಸಿದರು. ತಂಡದ ಹೊಣೆ ಹೊತ್ತವರು ಗಾಯಕಿ ಜೋನ್ ಕ್ರಾಸ್. ವ್ಯವಸ್ಥೆ ನೋಡುವವರೂ ಅವರೇ, ಅಗತ್ಯ ಬಿದ್ದಾಗ ಮುಖ್ಯ ಪಾತ್ರ ಹಾಡುವವರೂ ಅವರೇ. ಲಂಡನ್ನಿನಿಂದ ದೂರದ ಲ್ಯಾಂಕಾಷೈರ್ ಪ್ರಾಂತ್ಯದ ಬರ್ನ್‌ಲಿ ಎಂಬ ಹತ್ತಿಗಿರಣಿಗಳ ಊರಿನ ವಿಕ್ಟೋರಿಯಾ ರಂಗಮಂದಿರ ಕೆಲಕಾಲ ಅವರಿಗೆ ನೆಲೆಯಾಯಿತು. ದೊಡ್ಡ ವಾದ್ಯವೃಂದವಿಲ್ಲ, ಅದ್ದೂರಿಯ ಪರದೆಗಳಿಲ್ಲ. ಬೀದಿದೀಪ ಉರಿಸುವಂತಿಲ್ಲದ ರಾತ್ರಿಗಳು, ಸಕ್ಕರೆ ಬೆಣ್ಣೆಗೆ ರೇಷನ್ ಚೀಟಿ, ಸೈನಿಕರಿಂದ ತುಂಬಿದ ರೈಲುಗಳು. ಹೀಗಿದ್ದೂ 1942ರಿಂದ 1945ರವರೆಗೆ ಈ ಕಂಪನಿ 87 ಕಡೆಗಳಲ್ಲಿ ಹಾಡಿತು. 20 ಜನರ ತಂಡ ಮೊದಲು 50ಕ್ಕೆ, ಆಮೇಲೆ 80ಕ್ಕೆ ಬೆಳೆಯಿತು.

ಮೂರು ಆಕ್ಷೇಪಣೆಗಳು

ನಮ್ಮ ಅಜ್ಜಿ ಆ ಕಾಲದ ಬರ್ನ್‌ಲಿಯಲ್ಲಿ ಇದ್ದಿದ್ದರೆ ಏನು ಹೇಳುತ್ತಿದ್ದರು? ಅವರಂಥ ವಿವೇಕಿಗಳು ಎತ್ತಬಹುದಾದ ಆಕ್ಷೇಪಣೆಗಳು ಮೂರು.

ಮೊದಲನೆಯದು, ಇದು ದಂಡ. ಬ್ರೆಡ್ಡಿಗೂ ಔಷಧಿಗೂ ಬೇಕಾದ ಹಣವನ್ನೂ ಕೈಗಳನ್ನೂ ಹಾಡಿಗೆ ಏಕೆ ಸುರಿಯಬೇಕು? ಈ ಮಾತನ್ನು ನಾವು ಶುಭಸಂದೇಶದಲ್ಲಿ ಕೇಳಿದ್ದೇವೆ. ಬೆಥಾನಿಯದ ಮನೆಯಲ್ಲಿ ಒಬ್ಬ ಸ್ತ್ರೀ ಬೆಲೆಬಾಳುವ ಪರಿಮಳ ತೈಲವನ್ನು ಯೇಸುಸ್ವಾಮಿಗೆ ಲೇಪಿಸಿದಾಗ, ಇದನ್ನು ಮುನ್ನೂರು ದಿನಾರಿಗೆ ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಕೆಲವರು ಗೊಣಗಿದರು. ಲೆಕ್ಕ ಸರಿಯಾಗಿಯೇ ಇತ್ತು. ಮುನ್ನೂರು ದಿನಾರಿ ಎಂದರೆ ಒಬ್ಬ ಕೂಲಿಯಾಳಿನ ಸುಮಾರು ಒಂದು ವರ್ಷದ ದುಡಿಮೆ. ಆದರೂ ಪ್ರಭು ಆ ಸ್ತ್ರೀಯ ಪಕ್ಷ ವಹಿಸಿದರು. ಆಕೆ ಸುರಿದದ್ದು ತನ್ನ ಸುಖಕ್ಕಲ್ಲ, ಸಾವಿಗೆ ಹತ್ತಿರವಾಗಿದ್ದವರ ಮೇಲೆ. ಸಾಯಲಿರುವವರಿಗೆ ಬ್ರೆಡ್ಡಷ್ಟೇ ಸಾಲದು, ಪ್ರೀತಿಯೂ ಬೇಕು, ಅದರ ಪರಿಮಳವೂ ಬೇಕು. ಗಮನಿಸಿ, ಹಾಗೆ ಗೊಣಗಿದವನು ಯೂದನೆಂದು ಸಂತ ಯೊವಾನ್ನರು ಬರೆಯುತ್ತಾರೆ. ಅವನಿಗೆ ಬಡವರ ಚಿಂತೆ ಇರಲಿಲ್ಲವೆಂದೂ ಸೇರಿಸುತ್ತಾರೆ. ಬಡವರ ಹೆಸರಿನಲ್ಲಿ ಪ್ರೀತಿಯನ್ನು ಹೀಗಳೆಯುವವರೆಲ್ಲ ಬಡವರಿಗೆ ಕೊಟ್ಟವರೇ ಎಂದು ನಂಬಬೇಕಾಗಿಲ್ಲ.

ಸಂತ ಥಾಮಸ್ ಅಕ್ವಿನಾಸರು ಇದನ್ನೇ ಇನ್ನೊಂದು ದಿಕ್ಕಿನಿಂದ ವಿವರಿಸಿದ್ದಾರೆ. ದುಡಿದ ದೇಹಕ್ಕೆ ವಿಶ್ರಾಂತಿ ಬೇಕಾದಂತೆ ದಣಿದ ಆತ್ಮಕ್ಕೂ ವಿಶ್ರಾಂತಿ ಬೇಕು, ಆಟ ವಿನೋದಗಳು ಆ ವಿಶ್ರಾಂತಿ ಎಂಬುದು ಅವರ ವಾದ. ನಟರ ವೃತ್ತಿ ತನ್ನಷ್ಟಕ್ಕೆ ಪಾಪವಲ್ಲ, ಜನರಿಗೆ ಸಮಾಧಾನ ಕೊಡುವ ಕೆಲಸ ಅದು ಎಂದು 13ನೆಯ ಶತಮಾನದಲ್ಲಿಯೇ ಅವರು ಬರೆದರು. ಆದರೆ ಷರತ್ತು ಹಾಕಿದರು: ಅದು ಅಸಭ್ಯವಾಗಿರಬಾರದು, ಮನಸ್ಸಿನ ಹತೋಟಿ ತಪ್ಪಿಸಬಾರದು, ಕಾಲ ಸ್ಥಳ ವ್ಯಕ್ತಿಗಳಿಗೆ ತಕ್ಕುದಾಗಿರಬೇಕು.

ಎರಡನೆಯದು ನಮ್ಮ ಅಜ್ಜಿಯ ಆಕ್ಷೇಪಣೆ. ಇದು ಸತ್ತವರಿಗೆ ಅವಮಾನ. ಇದರಲ್ಲಿ ಸತ್ಯವಿದೆ, ಇದನ್ನು ತಳ್ಳಿಹಾಕುವಂತಿಲ್ಲ. ಭಾರವಾದ ಹೃದಯದವನ ಮುಂದೆ ಹಾಡುವುದು ಚಳಿಯಲ್ಲಿ ಅವನ ಹೊದಿಕೆ ಕಿತ್ತುಕೊಂಡಂತೆ ಎಂದು ಜ್ಞಾನೋಕ್ತಿ ಗ್ರಂಥ ಎಚ್ಚರಿಸುತ್ತದೆ. ಸೆರೆಯಾಳುಗಳಾಗಿ ಬಾಬಿಲೋನಿಗೆ ಹೋದವರು ತಮ್ಮ ಕಿನ್ನರಿಗಳನ್ನು ಮರಕ್ಕೆ ನೇತುಹಾಕಿ, ಹಾಡಲಾರೆವೆಂದು ಅತ್ತದ್ದನ್ನು 137ನೆಯ ಕೀರ್ತನೆಯಲ್ಲಿ ಓದುತ್ತೇವೆ. ಧರ್ಮಸಭೆಗೂ ಮೌನ ಗೊತ್ತು. ತಪಸ್ಸು ಕಾಲದ ನಲವತ್ತು ದಿನ ನಾವು ‘ಅಲ್ಲೆಲೂಯ’ ಹಾಡುವುದಿಲ್ಲ. ಪವಿತ್ರ ಗುರುವಾರದ ರಾತ್ರಿಯಿಂದ ಪಾಸ್ಕ ಜಾಗರಣೆಯವರೆಗೆ ಗಂಟೆ ಬಾರಿಸುವುದಿಲ್ಲ. ಅಳಲು ಒಂದು ಕಾಲ, ನಲಿಯಲು ಒಂದು ಕಾಲ ಇದೆಯೆಂದು ಹಳೆಯ ಒಡಂಬಡಿಕೆಯ ಉಪದೇಶಕನೂ ಹೇಳಿದ್ದಾನೆ. ದುಃಖದಲ್ಲಿ ಬಾಯಿ ಕಟ್ಟಿದವರನ್ನು ಹಾಡಿರೆಂದು ಒತ್ತಾಯಿಸಲು ಯಾರಿಗೂ ಹಕ್ಕಿಲ್ಲ, ಗುರುಗಳಿಗೂ ಇಲ್ಲ. ನಾನು ತಪ್ಪಿದ್ದು ಇಲ್ಲಿಯೇ.

ಆದರೆ ಸುವಾರ್ತೆಯಲ್ಲಿ ಇನ್ನೊಂದು ಚಿತ್ರವೂ ಇದೆ. ಕಡೆಯ ಭೋಜನವಾದ ಮೇಲೆ ಪ್ರಭುವೂ ಶಿಷ್ಯರೂ ಕೀರ್ತನೆ ಹಾಡಿ ಎಣ್ಣೆಮರಗಳ ಗುಡ್ಡಕ್ಕೆ ಹೋದರೆಂದು ಸಂತ ಮತ್ತಾಯ, ಸಂತ ಮಾರ್ಕರು ಬರೆದಿದ್ದಾರೆ. ಯೂದ ಆಗಲೇ ಹೊರಟು ಹೋಗಿದ್ದ. ಗೆತ್ಸೆಮನಿಯ ಬೆವರು, ಬಂಧನ, ಶಿಲುಬೆ ಎಲ್ಲವೂ ಕೆಲವೇ ಗಂಟೆಗಳ ದೂರದಲ್ಲಿದ್ದವು. ಅಂಥ ರಾತ್ರಿ ಯೇಸುಸ್ವಾಮಿ ಹಾಡಿದರು! ಮುಂದೆ ಫಿಲಿಪ್ಪಿಯ ಸೆರೆಮನೆಯಲ್ಲಿ ಸಂತ ಪೌಲರೂ ಸೀಲರೂ ಬೆನ್ನಿನ ಬಾಸುಂಡೆ ಆರುವ ಮೊದಲೇ ನಡುರಾತ್ರಿಯಲ್ಲಿ ಹಾಡಿದರು. ಇತರ ಕೈದಿಗಳು ಕೇಳುತ್ತಿದ್ದರು. ಇವರಾರೂ ದುಃಖವನ್ನು ಮರೆಯಲು ಹಾಡಿದವರಲ್ಲ. ದುಃಖದೊಳಗೆ ನಿಂತು ದೇವರ ಕಡೆಗೆ ಹಾಡಿದವರು. ಅಳುವವರ ಎದುರು ನಿಂತು ಹಾಡುವುದು ಬೇರೆ, ಅಳುವವರ ಜೊತೆ ಕುಳಿತು ಹಾಡುವುದು ಬೇರೆ. ಬರ್ನ್‌ಲಿಯ ಗಿರಣಿ ಕೆಲಸಗಾರರ ಮುಂದೆ ಹಾಡಿದವರ ಊರಿನ ಮೇಲೂ ಬಾಂಬು ಬಿದ್ದಿತ್ತು. ಕೇಳುವವರಿಗೂ ಹಾಡುವವರಿಗೂ ಯುದ್ಧ ಒಂದೇ ಆಗಿತ್ತು.

ಮೂರನೆಯ ಆಕ್ಷೇಪಣೆ ಇನ್ನೂ ಕಹಿ. ಅವರು ಹಾಡುತ್ತಿದ್ದದ್ದು ಯಾರ ಸಂಗೀತ? ‘ಲಾ ಟ್ರಾವಿಯಾಟ’ ಬರೆದ ವೆರ್ದಿ ಇಟಲಿಯವರು. 1940ರ ಜೂನ್ ತಿಂಗಳಲ್ಲಿ ಇಟಲಿ ಬ್ರಿಟನ್ನಿನ ಮೇಲೆ ಯುದ್ಧ ಸಾರಿತ್ತು. ‘ಫಿಗರೋನ ಮದುವೆ’ಯನ್ನು ಬರೆದ ಮೊಸಾರ್ಟ್ ಹುಟ್ಟಿ ಬೆಳೆದ ಆಸ್ಟ್ರಿಯ 1938ರಿಂದ ಹಿಟ್ಲರನ ರಾಜ್ಯದ ಭಾಗವಾಗಿತ್ತು. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು “ಶತ್ರುವಿನ ರಾಗ ನಮಗೇಕೆ?” ಎಂದು ಕೇಳಿದ್ದರೆ ತಪ್ಪು ಹೇಳಲಾಗುತ್ತಿತ್ತೇ? ಆದರೂ ಅವರು ಹಾಡಿದರು. ‘ಫಿಗರೋನ ಮದುವೆ’ಯ ಕೊನೆ ಹೇಗಿದೆ ಗೊತ್ತೇ? ಹೆಂಡತಿಗೆ ಮೋಸ ಮಾಡಲು ಹೊರಟು, ಬೇರೆಯವರ ತಪ್ಪನ್ನು ಕ್ಷಮಿಸಲಾರೆನೆಂದು ಅಬ್ಬರಿಸಿದ ಧಣಿ, ತನ್ನ ಗುಟ್ಟು ಬಯಲಾದಾಗ ಆಳುಕಾಳುಗಳ ಎದುರಿಗೇ ಮೊಣಕಾಲೂರಿ ಹೆಂಡತಿಯ ಕ್ಷಮೆ ಕೇಳುತ್ತಾನೆ. ಆಕೆ ಕ್ಷಮಿಸುತ್ತಾಳೆ. ಎಲ್ಲರ ದನಿಯೂ ಒಂದಾಗುತ್ತದೆ. ಶತ್ರುವನ್ನು ಪ್ರೀತಿಸಿ ಎಂದು ಪ್ರಭು ಹೇಳಿದ್ದು ನಮಗೆ ಬಾಯಿಪಾಠ. ಆದರೆ ಬಾಂಬು ಬೀಳುವ ವರ್ಷದಲ್ಲಿ, ಶತ್ರುದೇಶಕ್ಕೆ ಸೇರಿಹೋಗಿದ್ದ ನಾಡಿನ ರಾಗದಲ್ಲಿ, ಕ್ಷಮೆಯನ್ನು ಹಾಡಿ ಕೇಳಿಸುವುದು ಸಣ್ಣ ಮಾತಲ್ಲ.

ಹಾಡು ಸುಳ್ಳಾಗುವುದೂ ಉಂಟು

ಹಾಗಾದರೆ ಕಷ್ಟಕಾಲದ ಹಾಡೆಲ್ಲ ಪವಿತ್ರವೇ? ಅಲ್ಲ. ಅದೇ ಯುದ್ಧದ ಇನ್ನೊಂದು ದೃಶ್ಯ ನೋಡಿ. ಚೆಕ್ ನಾಡಿನ ಟೆರೆಜೀನ್ ಎಂಬ ಕೋಟೆ ಊರಿನಲ್ಲಿ ನಾಜಿಗಳು ಯೆಹೂದ್ಯರನ್ನು ಕೂಡಿಹಾಕಿದ್ದರು. ಅಲ್ಲಿನ ಮಕ್ಕಳು ಹಾನ್ಸ್ ಕ್ರಾಸ ಎಂಬ ಸಂಗೀತಗಾರರ ‘ಬ್ರುಂಡಿಬಾರ್’ ಎಂಬ ಪುಟ್ಟ ಆಪೆರಾವನ್ನು 1943ರ ಸೆಪ್ಟೆಂಬರಿನಿಂದ 55 ಸಲ ಆಡಿದರು. ತಾಯಿಗೆ ಹಾಲು ತರಲು ಹಾಡಿ ಹಣ ಸಂಪಾದಿಸಲು ಹೊರಟ ಇಬ್ಬರು ಮಕ್ಕಳ ಕಥೆ ಅದು. ಆ ಮಕ್ಕಳಿಗೆ ಅದು ನಿಜವಾದ ಉಸಿರು. ಆದರೆ 1944ರ ಜೂನ್ ತಿಂಗಳಲ್ಲಿ ರೆಡ್‌ಕ್ರಾಸ್ ಪ್ರತಿನಿಧಿಗಳು ಬಂದಾಗ ನಾಜಿಗಳು ಬೀದಿಗಳನ್ನು ಸಿಂಗರಿಸಿ, ಇದೇ ಆಪೆರಾವನ್ನು ಆಡಿಸಿ, ಇಲ್ಲಿ ಎಲ್ಲರೂ ಸುಖವಾಗಿದ್ದಾರೆಂದು ನಂಬಿಸಿದರು. ಕೆಲವೇ ತಿಂಗಳಲ್ಲಿ ಹಾಡಿದ ಮಕ್ಕಳಲ್ಲಿ ಹೆಚ್ಚಿನವರನ್ನೂ, ಹಾಡು ಬರೆದ ಕ್ರಾಸರನ್ನೂ ಆಶ್ವಿಟ್ಜ್‌ಗೆ ಸಾಗಿಸಿ ಕೊಂದರು. ಹಾಡು ಅದೇ. ಮಕ್ಕಳ ಬಾಯಲ್ಲಿ ಪ್ರಾರ್ಥನೆಯಂತಿದ್ದದ್ದು ಆಳುವವರ ಕೈಯಲ್ಲಿ ಸುಳ್ಳಾಯಿತು.

ಇನ್ನೂ ಒಂದು ಮಾತನ್ನು ಭಾರತೀಯರಾದ ನಾವು ಮರೆಯಲಾಗದು. ಇಂಗ್ಲೆಂಡಿನಲ್ಲಿ ಈ ಕಂಪನಿ ಊರೂರು ತಿರುಗುತ್ತಿದ್ದ 1943ರಲ್ಲಿಯೇ, ಅದೇ ಸಾಮ್ರಾಜ್ಯದ ಆಳ್ವಿಕೆಯಲ್ಲಿದ್ದ ಬಂಗಾಳದಲ್ಲಿ ಕ್ಷಾಮ ಬಿದ್ದು ಲಕ್ಷಾಂತರ ಜನ, ಸುಮಾರು 30 ಲಕ್ಷವೆಂದು ಅಂದಾಜು, ಹಸಿವಿನಿಂದಲೂ ರೋಗದಿಂದಲೂ ಸತ್ತರು. ತನ್ನ ಜನರ ಎದೆಗುಂದದಂತೆ ಹಾಡಿಗೂ ಹಣ ಒದಗಿಸಿದ ಸರ್ಕಾರಕ್ಕೆ ಇಲ್ಲಿನ ಹಸಿದ ಹೊಟ್ಟೆಯ ಕೂಗು ಸಾಕಷ್ಟು ಕೇಳಿಸಲಿಲ್ಲ. ಇದು ಆ ಇಪ್ಪತ್ತು ಮಂದಿ ಹಾಡುಗಾರರ ಅಪರಾಧವಲ್ಲ. ಆದರೆ ಕರುಣೆ ನಮ್ಮ ಊರಿನ ಗಡಿಯಲ್ಲಿ ನಿಂತುಬಿಡುವುದು ಎಷ್ಟು ಸುಲಭ ಎಂಬುದಕ್ಕೆ ಇದು ಸಾಕ್ಷಿ. ಅದೇ ದಿನಗಳಲ್ಲಿ ನಮ್ಮ ದೇಶದಲ್ಲಿಯೂ ಹಾಡುಗಾರರು ಎದ್ದರು. 1943ರಲ್ಲಿ ಹುಟ್ಟಿದ ‘ಇಪ್ಟಾ’ ಸಂಘಟನೆಯ ಬಂಗಾಳದ ಕಲಾವಿದರು ಊರೂರು ತಿರುಗಿ, ಹಸಿದವರ ಕಥೆಯನ್ನೇ ಹಾಡಿ, ಕ್ಷಾಮ ಪರಿಹಾರಕ್ಕೆ ಹಣ ಕೂಡಿಸಿದರು.

ಸಂತ ಅಗಸ್ಟೀನರು ತಮ್ಮ ಆತ್ಮಕಥೆಯಲ್ಲಿ ಯೌವನದ ದಿನಗಳ ನಾಟಕದ ಹುಚ್ಚನ್ನು ನೆನೆಯುತ್ತಾ ಒಂದು ಕಟುವಾದ ಪ್ರಶ್ನೆ ಕೇಳಿಕೊಳ್ಳುತ್ತಾರೆ. ರಂಗದ ಮೇಲಿನ ದುಃಖಕ್ಕೆ ನಾನು ಕಣ್ಣೀರಿಟ್ಟೆ. ಆದರೆ ಅಲ್ಲಿ ಯಾರೂ ನೆರವಿಗೆ ಕರೆಯುವುದಿಲ್ಲ, ಮರುಗುವುದಕ್ಕಷ್ಟೇ ಕರೆಯುತ್ತಾರೆ. ಇದು ಎಂಥ ಕರುಣೆ? ಇಂದು ಟಿ.ವಿ. ಧಾರಾವಾಹಿಗೆ ಅತ್ತು, ಬಾಗಿಲಲ್ಲಿ ನಿಂತವರನ್ನು ಗದರಿಸಿ ಕಳುಹಿಸುವ ನಮಗೂ ಈ ಪ್ರಶ್ನೆ ತಗಲುತ್ತದೆ.

ಮೂರು ಪರೀಕ್ಷೆಗಳು

ಹಾಗಿದ್ದರೆ ನಮ್ಮ ಹಾಡು, ನಮ್ಮ ಹಬ್ಬ ಯಾವ ಬಗೆಯದೆಂದು ತಿಳಿಯುವುದು ಹೇಗೆ? ಆ ಕಂಪನಿಯ ಕಥೆಯಿಂದ ನಾನು ಮೂರು ಪರೀಕ್ಷೆಗಳನ್ನು ಕಲಿತೆ.

ಮೊದಲನೆಯದು: ಬಾಗಿಲು ತೆರೆಯಿತೇ? ಸ್ಯಾಡ್ಲರ್ಸ್ ವೆಲ್ಸ್‌ನವರ ಕಥೆ ಹಾಡಿನಿಂದ ಆರಂಭವಾಗುವುದಿಲ್ಲ. ಅವರ ಸೂರಿನ ಕೆಳಗೆ ನಿರ್ಗತಿಕರು ಮಲಗಿದ್ದರಿಂದ ಆರಂಭವಾಗುತ್ತದೆ. ಆ ಮನೆಯನ್ನು ಅವರಾಗಿಯೇ ಕೊಡಲಿಲ್ಲ, ಸರ್ಕಾರ ತೆಗೆದುಕೊಂಡಿತು ಎನ್ನುತ್ತೀರಾ? ನಿಜ. ನಾವು ಕಳೆದುಕೊಳ್ಳುವ ಹೆಚ್ಚಿನದನ್ನು ನಾವು ಕೊಟ್ಟದ್ದಲ್ಲ, ನಮ್ಮಿಂದ ತೆಗೆದುಕೊಂಡದ್ದು. ಅದನ್ನು ಗೊಣಗದೆ ಕಾಣಿಕೆಯಾಗಿ ಮಾಡಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿದೆ. ಹಸಿದವನನ್ನು ಹೊರಗಿಟ್ಟು ಮಾಡುವ ಹಬ್ಬ, ಲಾಜರನನ್ನು ಬಾಗಿಲಲ್ಲಿ ಬಿಟ್ಟು ಉಂಡ ಸಿರಿವಂತನ ಔತಣ.

ಎರಡನೆಯದು: ಯಾರ ಬಳಿಗೆ ಹೋಯಿತು? ಕೇಳಬೇಕಾದವರು ನಮ್ಮಲ್ಲಿಗೆ ಬರಲಿ ಎಂದು ಅವರು ಕಾಯಲಿಲ್ಲ. ಮೂಟೆ ಕಟ್ಟಿಕೊಂಡು ಗಿರಣಿಗಳ ಊರಿಗೆ ಹೋದರು. ಯುದ್ಧ ಮುಗಿದ ಬಳಿಕ, 1945ರ ಜುಲೈಯಲ್ಲಿ, ಸಂಗೀತಗಾರ ಬೆಂಜಮಿನ್ ಬ್ರಿಟನ್ ಪಿಟೀಲು ವಾದಕ ಯೆಹೂದಿ ಮೆನುಹಿನ್ ಜೊತೆ ಜರ್ಮನಿಗೆ ಹೋಗಿ ಬೆಲ್ಸೆನ್ ಶಿಬಿರದಲ್ಲಿ ಬದುಕುಳಿದವರ ಮುಂದೆ ನುಡಿಸಿದರು. ಆಯುಧ ಹಿಡಿಯಲು ಮನಸ್ಸಾಕ್ಷಿ ಒಪ್ಪುವುದಿಲ್ಲವೆಂದು ಹೇಳಿದ್ದ ಮನುಷ್ಯ, ನೊಂದವರ ಬಳಿಗೆ ಹೋಗಲು ಹಿಂಜರಿಯಲಿಲ್ಲ.

ಮೂರನೆಯದು: ಸತ್ಯ ಹೇಳಿತೇ? ಕಣ್ಣೀರನ್ನು ಮುಚ್ಚಿಡುವ ಹಾಡು ಬೇಗ ಹಳಸುತ್ತದೆ. ಕಣ್ಣೀರನ್ನು ಒಳಗೊಂಡ ಹಾಡು ಉಳಿಯುತ್ತದೆ. ನಮ್ಮ ಪೂಜೆಯೇ ಇದಕ್ಕೆ ಸಾಕ್ಷಿ. ಬಲಿಪೀಠದ ಮೇಲೆ ಸ್ಮರಿಸುವುದು ಒಂದು ಮರಣವನ್ನು, ಹಾಡುವುದು ಪುನರುತ್ಥಾನವನ್ನು. ಎರಡರಲ್ಲಿ ಒಂದನ್ನು ಬಿಟ್ಟರೂ ಪೂಜೆ ಪೂಜೆಯಾಗುವುದಿಲ್ಲ.

ಶಾಂತಿ ಬಂದ ಮೇಲೆ

ಈ ಕಥೆಯ ಕೊನೆಯನ್ನು ಹೇಳದೆ ಮುಗಿಸಿದರೆ ನಾನೂ ಸತ್ಯವನ್ನು ಅರ್ಧ ಹೇಳಿದಂತೆ. 1945ರ ಮೇ 8ರಂದು ಯುರೋಪಿನಲ್ಲಿ ಯುದ್ಧ ಮುಗಿಯಿತು. ಜೂನ್ 7ರಂದು ಸ್ಯಾಡ್ಲರ್ಸ್ ವೆಲ್ಸ್ ಮಂದಿರ ಮತ್ತೆ ತೆರೆಯಿತು. ಅಂದು ಆಡಿದ್ದು ವಿಜಯೋತ್ಸವದ ನಾಟಕವಲ್ಲ. ಬ್ರಿಟನ್ ಅವರ ಹೊಸ ಆಪೆರಾ ‘ಪೀಟರ್ ಗ್ರೈಮ್ಸ್’. ಒಬ್ಬ ಒರಟು ಮೀನುಗಾರನ ಬಳಿ ಕೆಲಸಕ್ಕಿದ್ದ ಹುಡುಗ ಸತ್ತಾಗ, ಇಡೀ ಊರು ಅವನನ್ನು ಅನುಮಾನಿಸಿ ಬೇಟೆಯಾಡುವ ಕಥೆ. ಅವನು ನಿರ್ದೋಷಿಯಲ್ಲ, ಊರೂ ನಿರ್ದೋಷಿಯಲ್ಲ. ಗೆದ್ದು ಬಂದ ಜನರ ಮುಂದೆ, ಗುಂಪಾಗಿ ಸೇರಿದಾಗ ನಾವೂ ಕ್ರೂರಿಗಳಾಗಬಲ್ಲೆವು ಎಂದು ಹಾಡಿ ತೋರಿಸಿದರು. ಜನ ಮೆಚ್ಚಿದರು.

ಆದರೆ ಕಂಪನಿಯೊಳಗೆ ಬಿರುಕು ಬಿಟ್ಟಿತ್ತು. ಸಂಗೀತ ಕರ್ಕಶವೆಂದು ಕೆಲವರು, ಬೇಕಾದವರಿಗೆ ಪಾತ್ರ ಕೊಟ್ಟರೆಂದು ಕೆಲವರು ದೂರಿದರು. ಮುಖ್ಯ ಪಾತ್ರ ಹಾಡಿದ ಪೀಟರ್ ಪಿಯರ್ಸ್ ಅವರೂ ಬ್ರಿಟನ್ ಅವರಂತೆಯೇ ಯುದ್ಧಕ್ಕೆ ಹೋಗಲು ನಿರಾಕರಿಸಿದ್ದವರು. ಆ ವರ್ಷ ಮುಗಿಯುವ ಮೊದಲೇ ಅವರಿಬ್ಬರೂ, ಯುದ್ಧಕಾಲವಿಡೀ ತಂಡವನ್ನು ನಡೆಸಿದ್ದ ಜೋನ್ ಕ್ರಾಸರೂ ಸ್ಯಾಡ್ಲರ್ಸ್ ವೆಲ್ಸ್ ಬಿಟ್ಟು ಹೋದರು. ಕಂಪನಿ ಮುಂದುವರಿಯಿತು, 1974ರಲ್ಲಿ ಅದಕ್ಕೆ ‘ಇಂಗ್ಲಿಷ್ ನ್ಯಾಷನಲ್ ಆಪೆರಾ’ ಎಂಬ ಹೆಸರಾಯಿತು. ಆದರೆ ಬಾಂಬಿನ ಕೆಳಗೆ ಒಂದಾಗಿದ್ದವರು ಶಾಂತಿಯಲ್ಲಿ ಒಂದಾಗಿ ಉಳಿಯಲಿಲ್ಲ.

ಪ್ರಿಯರೇ, ಇದು ನಮ್ಮ ಮನೆಗಳ ಕಥೆಯೂ ಅಲ್ಲವೇ? ಅಪ್ಪ ಹಾಸಿಗೆ ಹಿಡಿದಾಗ ಸರದಿ ಹಾಕಿಕೊಂಡು ಆಸ್ಪತ್ರೆಯಲ್ಲಿ ಮಲಗಿದ ಅಣ್ಣತಮ್ಮಂದಿರು, ಅಪ್ಪ ಹೋದ ಮೇಲೆ ಹಿತ್ತಲಿನ ಗೋಡೆಗಾಗಿ ಮಾತು ಬಿಟ್ಟಿರುತ್ತಾರೆ. ಕಷ್ಟದಲ್ಲಿ ದೇವರು ಕೊಟ್ಟ ಒಗ್ಗಟ್ಟನ್ನು ಸುಖದಲ್ಲಿ ಕಾಪಾಡಿಕೊಳ್ಳುವುದು ಹೆಚ್ಚಿನ ತಪಸ್ಸು.

ಮತ್ತೆ ಅಜ್ಜಿಯ ಮನೆಗೆ

ನಮ್ಮಲ್ಲಿ ಸಾವಾದ ಮನೆಗೆ ಆ ವರ್ಷ ಕ್ಯಾರಲ್ ತಂಡ ಹೋಗುವುದಿಲ್ಲ. ಮರ್ಯಾದೆಗೆಂದು ಆ ಮನೆಯನ್ನು ದಾಟಿ ಮುಂದಿನ ಮನೆಗೆ ಹೋಗುತ್ತದೆ. ಈ ಪದ್ಧತಿಯ ಹಿಂದೆ ಒಳ್ಳೆಯ ಮನಸ್ಸಿದೆ. ಆದರೆ ಒಳಗೆ ಕುಳಿತವರಿಗೆ ಹೇಗಿರುತ್ತದೆ? ತಮಟೆ, ಗಿಟಾರು, ಮಕ್ಕಳ ಕೇಕೆ ಹತ್ತಿರ ಬಂದು, ತಮ್ಮ ಬಾಗಿಲ ಮುಂದೆ ಸುಮ್ಮನಾಗಿ, ಮುಂದೆ ಹೋಗಿ ಮತ್ತೆ ಆರಂಭವಾಗುತ್ತದೆ.

ಆ ಡಿಸೆಂಬರಿನಲ್ಲಿ ನಾನು ಮತ್ತೆ ಅಜ್ಜಿಯ ಮನೆಗೆ ಹೋಗಿ, ನನ್ನ ಅವಸರದ ಮಾತಿಗೆ ಕ್ಷಮೆ ಕೇಳಿದೆ. “ಮೊಮ್ಮಗಳು ಹಾಡುವುದು ಬಿಡುವುದು ನಿಮ್ಮ ಮನೆಯವರ ತೀರ್ಮಾನ ಅಜ್ಜಿ. ಆದರೆ ಹುಡುಗರು ಬಂದು ಬಾಗಿಲಲ್ಲಿ ಒಂದೇ ಒಂದು ಹಾಡು ಮೆಲ್ಲಗೆ ಹೇಳಿ ಹೋಗಬಹುದೇ? ತಮಟೆ ಬೇಡ, ತಾತನ ವೇಷವೂ ಬೇಡ” ಎಂದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಬರಲಿ ಸ್ವಾಮಿ” ಎಂದರು.

ಹುಡುಗರು ಹೋದರು, ನಾನೂ ಜೊತೆಗಿದ್ದೆ. ಗೋಡೆಯ ಮೇಲೆ ಮಗನ ಫೋಟೊ, ಅದರ ಕೆಳಗೆ ಮೇಣದಬತ್ತಿ. ಹಾಡು ಮುಗಿಯುವವರೆಗೂ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಹುಡುಗರು ತಲೆ ತಗ್ಗಿಸಿ ಹೊರಡಲು ತಿರುಗಿದಾಗ, “ಹಾಗೇ ಹೋಗಬೇಡಿ, ಕಾಫಿ ಕುಡಿದು ಹೋಗಿ” ಎಂದು ಒಳಗೆ ಕರೆದರು. ಅಕ್ಟೋಬರಿನ ನಂತರ ಆ ಮನೆಯಲ್ಲಿ ಅಷ್ಟು ಜನ ಕುಳಿತದ್ದು ಅದೇ ಮೊದಲು.

ಆ ಹುಡುಗಿ ಆ ಕ್ರಿಸ್ಮಸ್ಸಿಗೆ ಹಾಡಲಿಲ್ಲ. ನಾನೂ ಕೇಳಲಿಲ್ಲ. ಪಾಸ್ಕ ಜಾಗರಣೆಯ ರಾತ್ರಿ, ನಲವತ್ತು ದಿನ ಮೌನವಾಗಿದ್ದ ‘ಅಲ್ಲೆಲೂಯ’ ಎದ್ದಾಗ ಗಾನವೃಂದದಲ್ಲಿ ಅವಳ ದನಿ ಕೇಳಿಸಿತು. ಅಜ್ಜಿ ಮೂರನೆಯ ಸಾಲಿನಲ್ಲಿ, ಕೈಯಲ್ಲಿ ಮೇಣದಬತ್ತಿ ಹಿಡಿದು ನಿಂತಿದ್ದರು.

ಈ ವಾರ ರಾತ್ರಿಯ ಜಪಸರ ಮುಗಿದ ಮೇಲೆ ಮನೆಯವರೆಲ್ಲ ಕುಳಿತು ಮಾತನಾಡಿಕೊಳ್ಳಿ. ನಮ್ಮ ಬೀದಿಯಲ್ಲಿ ಈ ವರ್ಷ ಯಾರ ಮನೆಯನ್ನು ನಾವು ದಾಟಿ ಹೋಗಿದ್ದೇವೆ? ನಮ್ಮ ಸಂತೋಷದಲ್ಲಿ ಅವರಿಗೊಂದು ಜಾಗವಿದೆಯೇ? ಅವರ ದುಃಖದಲ್ಲಿ ನಮಗೊಂದು ಜಾಗ ಕೇಳಿದ್ದೇವೆಯೇ? ಸಂತೋಷಪಡುವವರೊಡನೆ ಸಂತೋಷಪಡುವುದನ್ನೂ, ಅಳುವವರೊಡನೆ ಅಳುವುದನ್ನೂ ಸಂತ ಪೌಲರು ಒಂದೇ ಉಸಿರಿನಲ್ಲಿ ಹೇಳಿದ್ದಾರೆ. ಎರಡನ್ನೂ ಕಲಿಯುವ ಕೃಪೆಯನ್ನು, ಶಿಲುಬೆಯ ಹಿಂದಿನ ರಾತ್ರಿ ಶಿಷ್ಯರೊಡನೆ ಹಾಡಿದ ಪ್ರಭು ನಮಗೆ ದಯಪಾಲಿಸಲಿ.